ಅಪ್ಪನ ಸೆಟ್ಟಿಂಗು

ಪಂದ್ಯ ಇನ್ನೇನು ಶುರುವಾಗಬೇಕು ಎನ್ನುವಾಗ ಅಪ್ಪ ಸ್ಕ್ರೂಡ್ರೈವರ್ ಹಿಡಿದು ಮಗಳ ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ತಪ್ಪು ಮಗಳದೇ. "ಯಾಕೋ ಗೇರ್ ಬದಲಾಗೋದು ನಿಧಾನ" ಎಂದು ಅಮ್ಮನ ಹತ್ತಿರ ಗೊಣಗಿದ್ದು ಅಪ್ಪನ ಕಿವಿಗೆ ಬಿದ್ದುಬಿಟ್ಟಿತ್ತು.

ಅಪ್ಪ ಡ್ರೈವಿಂಗ್ ಸ್ಕೂಲ್ ನಡೆಸುವವರು. ಗೇರಿನ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದಿಲ್ಲ. ಏನಾದರೂ ಇದ್ದರೆ ಆ ಗೇರೇ ಸರಿಯಿಲ್ಲ. ಊರಿನ ಅರ್ಧ ಜನಕ್ಕೆ ಕ್ಲಚ್ಚು ಒತ್ತಲು ಕಲಿಸಿದ ಮಹಾನುಭಾವರು. ಸೈಕಲ್ಲಿಗೆ ಕ್ಲಚ್ಚೇ ಇಲ್ಲ ಎಂಬುದನ್ನು ಅವರು ಸೈಕಲ್ ಮಾಡಿದವರ ಅಜ್ಞಾನವೆಂದು ಕ್ಷಮಿಸಿದ್ದರು.

"ಅಪ್ಪ, ಕೇಬಲ್ ಸ್ವಲ್ಪ ಸಡಿಲ ಆಗಿದೆ, ಅಷ್ಟೇ. ಅದು ಗೇರಿಗೆ ಸೇರೋ ಕಡೆ ಒಂದು ಪುಟ್ಟ ತಿರುಪು ಇದೆಯಲ್ಲ, ಕೈಯಲ್ಲೇ ಅರ್ಧ ಸುತ್ತು ತಿರುಗಿಸಿದ್ರೆ ಬಿಗಿಯಾಗತ್ತೆ. ನಾನೇ ಮಾಡ್ಕೋತೀನಿ."

"ಕೈಯಲ್ಲಿ ತಿರುಗಿಸೋದು ರಿಪೇರಿ ಅಲ್ಲ ಮಗಳೇ, ಆಟ. ಇಲ್ನೋಡು, ಎರಡು ಸ್ಕ್ರೂ ಹಾಗೇ ಸಡಿಲ ಬಿಟ್ಟಿದ್ದಾರೆ."

"ಅವು ಸಡಿಲ ಅಲ್ಲಪ್ಪ. ಚೈನು ಎಲ್ಲಿಂದ ಎಲ್ಲೀವರೆಗೆ ಓಡಾಡಬೇಕು ಅಂತ ಹೇಳೋದೇ ಅವು. ಮುಟ್ಟಬೇಡಿ, ದಯವಿಟ್ಟು."

ಅಪ್ಪ ಅವೆರಡನ್ನೂ ಹಲ್ಲು ಕಚ್ಚಿ ಕೊನೆಯವರೆಗೆ ಬಿಗಿದರು. ಆಮೇಲೆ ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿ, "ಕೇಳಿಸ್ಕೊ. ಒಂದಾದ್ರೂ ಸದ್ದು ಇದೆಯಾ?" ಎಂದರು. ಸದ್ದಿರಲಿಲ್ಲ. ಸ್ಮಶಾನದಲ್ಲೂ ಇರುವುದಿಲ್ಲ.

ಅಷ್ಟರಲ್ಲಿ ಪಂದ್ಯ ನಡೆಸುವವರು ಸೀಟಿ ಊದಿ ಎಲ್ಲರನ್ನೂ ಗೆರೆಗೆ ಕರೆದರು. ಈ ಸುತ್ತಿನಲ್ಲಿ ಮೊದಲು ಬಂದ ಇಬ್ಬರು ಮಧ್ಯಾಹ್ನ ಇದೇ ದಾರಿಯಲ್ಲಿ ಮತ್ತೆ ಸ್ಪರ್ಧಿಸಬೇಕು. ಅದರಲ್ಲಿ ಗೆದ್ದವಳಿಗೆ ಜಿಲ್ಲಾ ತಂಡದಲ್ಲಿ ಜಾಗ. ಅದಕ್ಕಾಗಿ ಮಗಳು ವರ್ಷವಿಡೀ ಬೆಳಗಿನ ನಿದ್ದೆ ಬಿಟ್ಟಿದ್ದಳು. ಅವಳು ಅಮ್ಮನ ಮುಖ ನೋಡಿದಳು. ಅಮ್ಮ ನೀರಿನ ಬಾಟಲಿ ಕೈಗಿಡುತ್ತಾ, "ಹೋಗು ತಾಯಿ. ನಿಮ್ಮಪ್ಪ ಕೈ ಹಾಕಿದ್ಮೇಲೆ ದೇವರೂ ಕೈ ಹಾಕಲ್ಲ" ಎಂದಳು.

ಸಮನೆಲದಲ್ಲಿ ಏನೂ ಗೊತ್ತಾಗಲಿಲ್ಲ. ಏರು ಎದುರಾದಾಗ ಹಗುರ ಗೇರಿಗೆಂದು ಮಗಳು ಲಿವರ್ ಒತ್ತಿದಳು. ಚೈನು ಕದಲಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಮೊದಲು ನಿಧಾನವಾಗಿಯಾದರೂ ಬದಲಾಗುತ್ತಿದ್ದ ಗೇರು ಈಗ ಬದಲಾಗುವ ಚಪಲವನ್ನೇ ಬಿಟ್ಟಿತ್ತು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರೆ. ಇಲ್ಲಿ ಮಾಡಿದವರು ಇವಳಪ್ಪ.

ಸುತ್ತಲೂ ಕಟಕಟ ಸದ್ದಾಯಿತು. ಉಳಿದವರೆಲ್ಲ ಹಗುರ ಗೇರಿಗೆ ಇಳಿದು, ಸೀಟಿನ ಮೇಲೆ ಆರಾಮಾಗಿ ಕೂತು ಏರತೊಡಗಿದರು. ಮಗಳಿಗೆ ಆ ಸುಖವಿರಲಿಲ್ಲ. ಅಷ್ಟು ಭಾರದ ಗೇರಿನಲ್ಲಿ ನಿಧಾನವಾದರೆ ಸೈಕಲ್ ನಿಲ್ಲುತ್ತದೆ, ನಿಂತರೆ ಬೀಳುತ್ತದೆ. ಅವಳು ಪೆಡಲಿನ ಮೇಲೆ ಎದ್ದು ನಿಂತಳು. ಒಂದೊಂದು ತುಳಿತಕ್ಕೂ ಅಪ್ಪನನ್ನು ನೆನೆದಳು. ಅಷ್ಟು ಏಕಾಗ್ರತೆಯಿಂದ ಯಾವ ಮಗಳೂ ಹೆತ್ತ ತಂದೆಯನ್ನು ನೆನೆದಿರಲಾರಳು. ತೊಡೆ ಉರಿಯಿತು, ಕಣ್ಣು ಕತ್ತಲಿಟ್ಟಿತು, ಸಿಟ್ಟಿಗೆ ಮಾತ್ರ ದಣಿವಾಗಲಿಲ್ಲ. ಏರಿನ ತುದಿಯಲ್ಲಿ ಮುಕ್ತಾಯದ ಗೆರೆ ದಾಟಿ ತಿರುಗಿ ನೋಡಿದರೆ ಹತ್ತಿರದಲ್ಲಿ ಯಾರೂ ಇಲ್ಲ.

ಅಮ್ಮನೊಂದಿಗೆ ಕಾರಿನಲ್ಲಿ ಮೊದಲೇ ಮೇಲೆ ಬಂದಿದ್ದ ಅಪ್ಪ ಓಡಿ ಬಂದರು. ಮಗಳೂ ಸೈಕಲ್ಲೂ ನೆಲದ ಮೇಲಿದ್ದವು. ಅಪ್ಪ ಮೊದಲು ಸೈಕಲ್ಲನ್ನು ಎತ್ತಿ ನಿಲ್ಲಿಸಿದರು.

"ಹೇಗಿತ್ತು ಗೇರು?"

"ಬದಲಾಯಿಸೋ ಪ್ರಶ್ನೆನೇ ಬರ್ಲಿಲ್ಲ," ಎಂದಳು ಮಗಳು ಏದುಸಿರಿನಲ್ಲಿ.

"ಕೇಳಿದ್ರಾ?" ಅಪ್ಪ ನೆರೆದವರತ್ತ ತಿರುಗಿದರು. ಕೈ ಕೆಸರಾದರೆ ಬಾಯಿ ಮೊಸರಂತೆ. ಅಪ್ಪನ ಕೈಗೆ ಮೆತ್ತಿದ್ದ ಗ್ರೀಸ್ ನೋಡಿ ಯಾರೋ ಅವರ ಬಾಯಿಗೆ ಮೈಕು ಹಿಡಿದರು. ಅಪ್ಪ ಗಂಟಲು ಸರಿಮಾಡಿಕೊಂಡು, "ತುಳಿಯೋದು ಎಲ್ಲರೂ ತುಳೀತಾರೆ. ಗೆಲ್ಲೋದು ಸೆಟ್ಟಿಂಗು" ಎಂದರು. ಚಪ್ಪಾಳೆ ಬಿತ್ತು. ಅಮ್ಮ ಮಗಳ ಮೀನಖಂಡ ತಿಕ್ಕುತ್ತಾ, "ಏನಾಯ್ತು ಅಂತ ಹೇಳಿಬಿಡೇ, ಈ ಮೆರವಣಿಗೆ ನೋಡೋಕಾಗಲ್ಲ" ಎಂದು ಪಿಸುಗುಟ್ಟಿದಳು. ಹೇಳಲು ಮಗಳಿಗೆ ಉಸಿರಿರಲಿಲ್ಲ.

ಆಗ ಎರಡನೆಯವಳಾಗಿ ಬಂದ ಹುಡುಗಿ ತನ್ನ ಸೈಕಲ್ ತಳ್ಳಿಕೊಂಡು ಗುಂಪಿನೊಳಗೆ ನುಗ್ಗಿದಳು. ಕಳೆದ ವರ್ಷ ಇದೇ ಏರಿನಲ್ಲಿ ಮಗಳನ್ನು ಹಿಂದಿಕ್ಕಿ ತಂಡ ಸೇರಿದವಳು ಅವಳೇ. ಅವಳ ಸೈಕಲ್ಲಿಗೆ ಏನೂ ಆಗಿರಲಿಲ್ಲ.

"ಅಂಕಲ್, ಮಧ್ಯಾಹ್ನದ ಸುತ್ತಿಗೆ ನಂದೂ ಇದೇ ಥರ ಸೆಟ್ ಮಾಡಿಕೊಡ್ತೀರಾ? ನಿಮಗೆ ತೊಂದರೆ ಆಗಲ್ಲ ಅಂದ್ರೆ."

"ನನಗೇನಮ್ಮ ತೊಂದರೆ? ನನಗೆ ನೀನು ಬೇರೆ ಅಲ್ಲ, ಇವಳು ಬೇರೆ ಅಲ್ಲ," ಎನ್ನುತ್ತಾ ಅಪ್ಪ ಅಂಗಿಯ ತೋಳು ಮಡಿಸಿ ಸ್ಕ್ರೂಡ್ರೈವರ್ ಹಿಡಿದು ಕೂತರು.

ಅಷ್ಟು ಹೊತ್ತಿಗೆ ಮಗಳಿಗೆ ಉಸಿರು ಬಂದಿತ್ತು. ಬಾಯಿ ತೆರೆದಳು. ಅಮ್ಮ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. ಮಗಳು ಬಾಯಿ ಮುಚ್ಚಿಕೊಂಡು, ಅಪ್ಪನ ಕೆಲಸಕ್ಕೆ ತನ್ನ ನೆರಳು ಅಡ್ಡ ಬರದಂತೆ ಒಂಚೂರು ಪಕ್ಕಕ್ಕೆ ಸರಿದು ಕೂತಳು.