ಚಂದಮ್ಮ ರಿಕ್ಷಾ ಹತ್ತಿದಳು

ಆರಾಧನೆ ಮುಗಿದ ಮೇಲೆ ಚಂದಮ್ಮ ಊರುಗೋಲು ಊರುತ್ತ ಖಡಕಿಯ ಚರ್ಚಿನ ಗೇಟು ದಾಟಿ ಬಂದಳು. ಮಗಳು ಸಪ್ನಾ ಕೈಮಾಡಿ ನಿಲ್ಲಿಸಿದ್ದ ರಿಕ್ಷಾದ ಕಡೆ ನೋಡಲೂ ಇಲ್ಲ. ನೇರವಾಗಿ ಬೇವಿನ ಮರದ ಕೆಳಗಿದ್ದ ದೇವದಾನನ ರಿಕ್ಷಾದ ಹತ್ತಿರ ಹೋದಳು.

"ದಾಪೋಡಿಗೆ ಬರ್ತೀ ಏನು?"

ದೇವದಾನ ಗಡಬಡಿಸಿ ಕೆಳಗಿಳಿದ. ಎರಡು ವರ್ಷದ ಹಿಂದೆ, ಕ್ರಿಸ್‌ಮಸ್ಸಿನ ಮರುದಿನ, ಇದೇ ಚಂದಮ್ಮ ಅವನ ರಿಕ್ಷಾದಲ್ಲಿ ಕೂತಿದ್ದಳು. ಕುಡಿತ ಬಿಟ್ಟೆನೆಂದು ಚರ್ಚಿನ ಸಭೆಯ ಮುಂದೆ ಸಾಕ್ಷಿ ಹೇಳಿದ್ದವನು, ಭಾನುವಾರ ಎಲ್ಲರಿಗೂ ಹಾಡು ಎತ್ತಿಕೊಡುತ್ತಿದ್ದವನು, ಅಂದು ಗೆಳೆಯರ ಜೊತೆ ಕುಡಿದಿದ್ದ. ದಾಪೋಡಿಯ ದಾರಿಯಲ್ಲಿ, ಸೇತುವೆಗೆ ಮೊದಲಿನ ತಿರುವಿನಲ್ಲಿ ರಿಕ್ಷಾ ಪಲ್ಟಿಯಾಯಿತು. ಅವನ ಮೈ ತರಚಿತಷ್ಟೆ. ಕಟ್ಟಡದ ಕೆಲಸ ಮಾಡಿಕೊಂಡಿದ್ದ ಚಂದಮ್ಮನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಜೈಲಿನಿಂದ ಬಂದ ಮೇಲೆ ದೇವದಾನ ಒಂದು ಹನಿಯನ್ನೂ ಮುಟ್ಟಿರಲಿಲ್ಲ. ಚರ್ಚಿನ ಒಳಗೂ ಹೋಗಿರಲಿಲ್ಲ. ಹಾಡು ಕೇಳಿಸುವಷ್ಟು ದೂರದಲ್ಲಿ ರಿಕ್ಷಾ ನಿಲ್ಲಿಸಿಕೊಂಡು ಕೂತು, ಜನ ಹೊರಬರುವ ಮೊದಲೇ ಹೊರಟುಬಿಡುತ್ತಿದ್ದ. ಇವತ್ತು ಪ್ರಾರ್ಥನೆ ಬೇಗ ಮುಗಿದಿತ್ತು.

"ಅವ್ವಾ, ಈ ಮನಷ್ಯಾನ ರಿಕ್ಷಾದಾಗ?" ಸಪ್ನಾ ಓಡಿಬಂದು ಅಡ್ಡ ನಿಂತಳು. "ನಿನಗ ಬುದ್ಧಿ ಅದನೋ ಇಲ್ಲೋ?"

"ಬರೋದಿದ್ರ ಹತ್ತು. ಇಲ್ಲಂದ್ರ ಆ ರಿಕ್ಷಾದಾಗ ಬಾ."

ಸಪ್ನಾ ಹತ್ತಲಿಲ್ಲ. ಚಂದಮ್ಮ ಕಂಬಿ ಹಿಡಿದು ಒದ್ದಾಡಿ ತಾನೇ ಕೂತಳು. ಸಹಾಯಕ್ಕೆಂದು ಚಾಚಿದ ಕೈಯನ್ನು ದೇವದಾನ ಅರ್ಧಕ್ಕೇ ಹಿಂದೆ ತೆಗೆದುಕೊಂಡ.

"ಮೀಟರ್ ಹಾಕು," ಎಂದಳು.

"ಬ್ಯಾಡ್ರಿ ಅಕ್ಕಾ, ನಿಮ್ ಕಡಿಂದ ನಾ ರೊಕ್ಕ ಹೆಂಗ..."

"ಹಾಕು. ನಾ ಮನಿಗೆ ಹೋಗೋ ಪ್ಯಾಸೆಂಜರ್. ನಿನಗ ಶಿಕ್ಷಾ ಕೊಡಾಕ ಕೂತಿಲ್ಲ."

ದೇವದಾನ ಮೀಟರ್ ಹಾಕಿ ರಿಕ್ಷಾ ಬಿಟ್ಟ. ಆಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅವನು ಕೇಳಿದ: "ಅಕ್ಕಾ, ನನಗ ಕ್ಷಮಾ ಮಾಡೀರೇನ್ರಿ?"

"ಸುಳ್ಳ್ಯಾಕ ಹೇಳಲಿ? ಮುಂಜಾನೆ ಎದ್ದು ಕಾಲು ನೋಡ್ಕೊಂಡ ಕೂಡಲೇ ನಿನಗ ಬೈತೀನಿ. ಭಾಳ ಕೆಟ್ಟ ಬೈತೀನಿ. ಆಮ್ಯಾಲ ನಿನ್ನ ಹೆಸರು ತಗೊಂಡು ಪ್ರಾರ್ಥನಾ ಮಾಡ್ತೀನಿ. ಮರುದಿನ ಮತ್ತ ಬೈಗಳ, ಮತ್ತ ಪ್ರಾರ್ಥನಾ." ಚಂದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಯೇಸುಸ್ವಾಮಿ ಒಮ್ಮೆಲೇ ಕ್ಷಮಿಸ್ತಾನ. ನನ್ನ ಕೈಲಿ ಅಷ್ಟ ಆಗಲ್ಲಪ್ಪ. ನಾ ದಿನಾ ಒಂದೀಟು ಕ್ಷಮಿಸ್ತೀನಿ."

ದೇವದಾನನಿಗೆ ರಸ್ತೆ ಮಸುಕಾಗಿ ಕಂಡಿತು. ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೇ ಸೇತುವೆ. ಅದೇ ತಿರುವಿಗೆ ಮೊದಲೇ ರಿಕ್ಷಾವನ್ನು ಪಕ್ಕಕ್ಕೆ ನಿಲ್ಲಿಸಿದ.

"ಬ್ಯಾರೆ ದಾರಿ ಹಿಡೀಲೇನ್ರಿ ಅಕ್ಕಾ?"

"ನಮ್ಮನಿ ದಾರಿ ಇದೇ ಅದ. ನಡಿ. ಬರೋ ಐತ್ವಾರ ಚರ್ಚಿಗೂ ನೀನೇ ಕರ್ಕೊಂಡು ಹೋಗು. ಗೇಟಿನ ತನಕ ಅಲ್ಲ, ಒಳಗ ತನಕ."

ಅವನು ನಡೆದು ಹೋಗುವವರಿಗಿಂತ ನಿಧಾನವಾಗಿ ರಿಕ್ಷಾ ಬಿಟ್ಟ. ಹಿಂದಿನಿಂದ ಸ್ಕೂಟರಿನವನೊಬ್ಬ ಹಾರ್ನ್ ಒತ್ತಿ ಒತ್ತಿ ಸಾಕಾಗಿ, ಮರಾಠಿಯಲ್ಲಿ ಬೈದು ಮುಂದೆ ಹೋದ. ದೇವದಾನ ಎದುರಿನ ಕನ್ನಡಿ ನೋಡಿದ. ಚಂದಮ್ಮ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಗಳಿಂದ ಕಂಬಿಯನ್ನು ಹಿಡಿದಿದ್ದಳು. ಹಣೆಯ ತುಂಬ ಬೆವರು. ತುಟಿಗಳು ಅಲುಗುತ್ತಿದ್ದವು.

ತಿರುವು ಹಿಂದೆ ಉಳಿಯಿತು.

"ದಾಟಿತೇನೋ ತಮ್ಮಾ?" ಕಣ್ಣು ತೆರೆಯದೆಯೇ ಅವಳು ಕೇಳಿದಳು.

"ದಾಟಿದ್ವಿ ಅಕ್ಕಾ."