ಬಿರುಕಿನ ಸಂದರ್ಶನ

ಮೈಕಿಗೆ ಒಂಬೈನೂರು, ಕೋಟಿನ ಬಾಡಿಗೆ ಇನ್ನೂರು. ಅತಿಥಿ ಮಾತ್ರ ಬಿಟ್ಟಿ. ಅತಿಥಿಯೆಂದರೆ ಅಣ್ಣ ತಂಗಿ ಇಬ್ಬರೂ ವಾಸವಿದ್ದ ಕಟ್ಟಡದ ಗೋಡೆಯ ಬಿರುಕು. ದುರಸ್ತಿಗೆ ಆರು ಅರ್ಜಿ ಕೊಟ್ಟರೂ ನಗರಸಭೆ ಕಚೇರಿಯವರು ಅಲುಗಾಡದಿದ್ದಾಗ ಅಣ್ಣ ಅದನ್ನೇ ತನ್ನ ನಗೆಸುದ್ದಿಯ ವಿಡಿಯೊಗೆ ಕರೆದಿದ್ದ.

“ಬಿರುಕಪ್ಪನವರೇ, ನೀವು ಇಲ್ಲವೇ ಇಲ್ಲ ಅಂತಾರಲ್ಲ ಸಾಹೇಬರು, ಏನಂತೀರಿ?” ಎಂದು ಮೈಕನ್ನು ಗೋಡೆಗೆ ಒತ್ತಿದ. ಚಿತ್ರೀಕರಣ ನೋಡಲು ಮೆಟ್ಟಿಲ ಮೇಲೆ ಕೂತಿದ್ದ ಹನ್ನೊಂದು ಮನೆಯವರೂ, ಅವರ ನಡುವೆ ಕೂರಿಸಿದ್ದ ನಡೆಯಲಾರದ ಅಜ್ಜಿಯೂ ನಕ್ಕರು.

ಹೆಡ್‌ಫೋನ್ ಹಾಕಿಕೊಂಡಿದ್ದ ತಂಗಿ ನಗಲಿಲ್ಲ. “ಅಣ್ಣ, ಅದು ಉತ್ತರ ಕೊಡ್ತಿದೆ,” ಎಂದು ಹೆಡ್‌ಫೋನನ್ನು ಅವನ ಕಿವಿಗಿಟ್ಟಳು. ಗೋಡೆಯೊಳಗೆ ಯಾರೋ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಂತಿತ್ತು.

“ಎಲ್ಲರೂ ಹೊರಗೆ ನಡೀರಿ. ಅಜ್ಜಿನ ಎತ್ಕೊಳ್ಳಿ,” ಎಂದ. ಇದೂ ತಮಾಷೆಯೆಂದು ಅವರು ನಗುತ್ತಲೇ ಇಳಿದರು. ಕೊನೆಯವರು ರಸ್ತೆ ದಾಟಿದ ಮೇಲೆ ಕಟ್ಟಡ ಕುಸಿಯಿತು. ಹನ್ನೊಂದು ಮನೆಗಳು ಹೋದವು, ಮೈಕೂ ಹೋಯಿತು. ಜನರೆಲ್ಲ ಉಳಿದರು.