ತೊಂಬತ್ತೆಂಟರ ಬಾಗಿಲು

ಹುಲಿಗೆಮ್ಮ ಎಂದಿನಂತೆ ಪ್ರಯೋಗಾಲಯದ ಬಾಗಿಲಿಗೆ ಅಂಗೈ ಒತ್ತಿದಳು. ‘ಈ ಜಾಗ ನಮ್ಮದು’ ಎಂಬ ಭಾವ ನೂರಕ್ಕೆ ಎಪ್ಪತ್ತಾದರೂ ಇದ್ದವರಿಗಷ್ಟೇ ತೆರೆಯುವ ಬಾಗಿಲದು. ಅಂಗೈ ಅಳೆದು ಬಾಗಿಲು ತೋರಿಸಿದ ಆಕೆಯ ಅಂಕಿ ಈ ದಿನವೂ ಇಪ್ಪತ್ತೆರಡು. ಮೋಟಾರು ರಿಪೇರಿ ಈರಪ್ಪನ ಮಗಳಾದ ಆಕೆ ಎರಡು ವರ್ಷದಿಂದ ಭೌತಶಾಸ್ತ್ರವನ್ನು ಕಿಟಕಿಯಲ್ಲಿ ಇಣುಕಿಯೇ ಕಲಿಯುತ್ತಿದ್ದಳು.

ಇಂಥವರೆಲ್ಲ ಹೊರಗೇ ಉಳಿದದ್ದರಿಂದ ಒಳಗಿನವರ ಸರಾಸರಿ ತೊಂಬತ್ತೆಂಟಕ್ಕೇರಿ, ಕಾಲೇಜಿಗೆ ಸಮಾನತಾ ಪ್ರಶಸ್ತಿ ಬಂದಿತ್ತು. ಅದನ್ನು ಕೊಡಲು ಬಂದ ಗಣ್ಯರ ಜೊತೆ ಪ್ರಾಂಶುಪಾಲರು ಒಳಗಿದ್ದರು. ಹಾರ, ಫೋಟೋ ಎಲ್ಲ ಮುಗಿಯಿತು. ಬಾಗಿಲು ಮಾತ್ರ ತೆರೆಯಲೊಲ್ಲದು.

ಪ್ರಾಂಶುಪಾಲರು ಬೆವರುತ್ತ ಕಿಟಕಿಯ ಸರಳು ಹಿಡಿದರು. “ಏನವ್ವಾ, ಬಾಗಿಲು ಕೆಟ್ಟೈತಿ. ನಿನಗ ರಿಪೇರಿ ಬರ್ತೈತಂತಲ್ಲ, ಲಗೂನ ತಗಿ. ಒಳಗ ಉಸಿರು ಕಟ್ಟಾಕತ್ತೈತಿ!”

ಹುಲಿಗೆಮ್ಮ ಚೀಲದಿಂದ ಅಪ್ಪನ ಸ್ಕ್ರೂಡ್ರೈವರ್ ತೆಗೆದು, ಬಾಗಿಲ ಪಕ್ಕದ ಪೆಟ್ಟಿಗೆ ಬಿಚ್ಚಿ ನೋಡಿದಳು. ಬೀಗಕ್ಕೆ ಹೋಗುವ ಒಂದು ತಂತಿ ಕಳಚಿತ್ತು, ಅಷ್ಟೇ. ಕೂಡಿಸಲು ಅರೆನಿಮಿಷ ಸಾಕು. ಆಕೆ ಸ್ಕ್ರೂಡ್ರೈವರನ್ನು ಮತ್ತೆ ಚೀಲಕ್ಕೆ ಹಾಕಿ, ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದಳು.

“ಯಾಕ್ರೀ ಸರ, ಹೊರಗ ಬರಾಕ ಇಷ್ಟು ಅವಸರ?” ಎಂದಳು. “ಒಳಗಿಂದೆಲ್ಲ ನಿಮ್ಮದೇ ಐತಲ್ರೀ.”